ಅಡುಗೆಮನೆ ಗೋಡೆಯ ಬಾರ್ಬಡೋಸ್

“ಎಲ್ಲರೂ ಸ್ವಲ್ಪ ಕೈ ನಿಲ್ಲಿಸಿ, ನನಗೊಂದು ಮಾತು ಹೇಳ್ಲಿಕ್ಕುಂಟು. ವಸಂತಾ, ಆ ಫೋನು ಅತ್ಲಾಗಿ ಇಡು ಮಾರಾಯ, ನಿನ್ನ ಹೋಟೆಲು ಎಲ್ಲಿಗೂ ಓಡಿಹೋಗುದಿಲ್ಲ. ಸುಜನ್, ಟೀವಿ ಬಂದ್ ಮಾಡು. ಕೇಳಿ. ನಾನು ವಾಗ್ಳೆ ಎಸ್ಟೇಟಿನ ಕಾರ್ಖಾನೆಯಲ್ಲಿ ಮೂವತ್ತಾರು ವರ್ಷ ಕ್ಯಾಂಟೀನು ನಡೆಸಿದೆ. ಮೂರು ಪಾಳಿಯಲ್ಲಿ ಎಂಟುನೂರು ಜನರಿಗೆ ಚಾ ಕುಡಿಸಿದೆ. ಆದರೆ ಇವಳು, ನಿಮ್ಮ ಅಮ್ಮ, ಒಂದು ದಿನ ನನ್ನಲ್ಲಿ ಒಂದು ಗ್ಲಾಸು ನೀರು ಕೇಳಿದವಳಲ್ಲ. ಸೀರೆ ಬೇಕಾ ಅಂದ್ರೆ ಉಂಟು ಅಂತಾಳೆ. ಬಳೆ ಬೇಕಾ ಅಂದ್ರೆ ಪಾತ್ರೆ ತೊಳೀಲಿಕ್ಕೆ ಅಡ್ಡಿ ಅಂತಾಳೆ. ಇವಳಿಗೆ ಆಸೆಯೇ ಇಲ್ಲ ಅಂತ ನಾನೂ ತಿಳ್ಕೊಂಡಿದ್ದೆ. ಕ್ಯಾಂಟೀನು ಬಿಟ್ಟು ಮನೆಯಲ್ಲಿ ಕೂತ ಮೇಲೆ ಗೊತ್ತಾಯ್ತು. ದಿನಾ ಬೆಳಗ್ಗೆ ಹಾಲು ಒಲೆಯ ಮೇಲಿಟ್ಟು ಇವಳು ಅಡುಗೆಮನೆಯ ಆ ಕ್ಯಾಲೆಂಡರಿನ ಎದುರು ನಿಲ್ತಾಳೆ. ಅದೇ, ನೀಲಿ ಸಮುದ್ರ, ಬಿಳಿ ಹೊಯ್ಗೆ, ಬಗ್ಗಿದ ತೆಂಗಿನಮರ ಇದ್ದದ್ದು. ಎರಡು ಸಾವಿರದ ನಾಲ್ಕನೇ ಇಸವಿಯದ್ದು. ಎಂಟು ವರ್ಷ ಆಯ್ತು, ತೆಗೀಲಿಕ್ಕೆ ಬಿಡುದಿಲ್ಲ. ಬರೀ ನೋಡುದು ಮಾತ್ರ ಅಲ್ಲ, ಕೈ ಚಾಚಿ ಮುಟ್ತಾಳೆ. ಮಗುವಿನ ಹಣೆ ಮುಟ್ಟಿ ಜ್ವರ ನೋಡಿದ ಹಾಗೆ ಮೆಲ್ಲ ಆ ಸಮುದ್ರವನ್ನು ಮುಟ್ತಾಳೆ. ಮತ್ತೆ ಒಂದು ದೊಡ್ಡ ಉಸಿರು ಬಿಡ್ತಾಳೆ. ನಾನು ಬಾಗಿಲ ಹತ್ರ ನಿಂತು ನೋಡಿದ್ದೇನೆ, ಒಂದು ದಿನ ಅಲ್ಲ, ನೂರು ದಿನ. ಅದರ ಕೆಳಗೆ ಹೆಸರುಂಟು, ಬಾರ್ಬಡೋಸ್. ಕೆರಿಬಿಯನ್. ಕ್ರಿಕೆಟಿನವರ ಊರು. ಹಾಗಾಗಿ ನಾನು ತೀರ್ಮಾನ ಮಾಡಿ ಆಯ್ತು. ಬರುವ ಮೇ ತಿಂಗಳಲ್ಲಿ ನಾವೆಲ್ಲ, ಕಲ್ಯಾಣದಲ್ಲಿರುವ ಅಣ್ಣನ ಮನೆಯವರೂ ಸೇರಿ ಹದಿನೇಳು ಜನ, ಬಾರ್ಬಡೋಸಿಗೆ ಹೋಗುದು. ಒಬ್ಬರೂ ತಪ್ಪಬಾರದು. ಇದು ನನಗೆ ಬೇಕಾಗಿ ಅಲ್ಲ, ನಿಮಗೆ ಬೇಕಾಗಿಯೂ ಅಲ್ಲ. ಚಂಪಾ ಬಾಯಿ ಬಿಟ್ಟು ಕೇಳದ ಒಂದೇ ಒಂದು ಆಸೆ ಇದು. ಹಾಂ, ಈಗ ಊಟ ಮಾಡಿ.”

ಇದು ನನ್ನ ಗಂಡ ಲೀಲಾಧರರ ಭಾಷಣ. ಎರಡು ಸಾವಿರದ ಹನ್ನೆರಡನೇ ಇಸವಿಯ ಜನವರಿ, ಒಂದು ಭಾನುವಾರ ಮಧ್ಯಾಹ್ನ, ಬೊಂಬಾಯಿ ಪಕ್ಕದ ಠಾಣೆ ಪೂರ್ವದ ಕೋಪರಿಯ ನಮ್ಮ ಮನೆಯ ಹೊರಕೋಣೆಯಲ್ಲಿ, ಕೋರಿರೊಟ್ಟಿ ಅರ್ಧ ಬಾಯಲ್ಲಿ ಅರ್ಧ ಬಟ್ಟಲಲ್ಲಿ ಇದ್ದ ಹೊತ್ತಿನಲ್ಲಿ ಇದು ನಡೆಯಿತು. ನಲ್ವತ್ತೆರಡು ವರ್ಷದ ಸಂಸಾರದಲ್ಲಿ ಇವರು ನನ್ನ ಬಗ್ಗೆ ಇಷ್ಟುದ್ದ ಮಾತಾಡಿದ್ದು ಇದೇ ಮೊದಲು. ಕೇಳಿ ನನ್ನ ಕಣ್ಣಲ್ಲಿ ನೀರು ಬಂತು. ಎಲ್ಲರೂ ಅದನ್ನು ಆನಂದಬಾಷ್ಪ ಎಂದುಕೊಂಡರು. ಮಗಳು ಪ್ರಣೀತಾ ಬಂದು ಅಪ್ಪಿ ಹಿಡಿದಳು.

ಆನಂದಬಾಷ್ಪವೂ ಅಲ್ಲ, ಮಣ್ಣೂ ಅಲ್ಲ. ಅದು ಭಯದ ನೀರು. ಈಗ ನಿಮ್ಮಲ್ಲಿ, ನಿಮ್ಮಲ್ಲಿ ಮಾತ್ರ, ನಿಜ ಹೇಳುತ್ತೇನೆ.

ಆ ಕ್ಯಾಲೆಂಡರಿನ ಹಿಂದೆ ಗೋಡೆ ಒದ್ದೆ.

ಎಂಟು ವರ್ಷದಿಂದ ಒದ್ದೆ. ಮೇಲಿನ ಮನೆಯ ಬಾತ್‌ರೂಮಿನ ನೀರು ಗೋಡೆಯೊಳಗೆ ಇಳಿದು ನಮ್ಮ ಅಡುಗೆಮನೆಯಲ್ಲಿ ಮುಖ ತೋರಿಸುತ್ತದೆ. ಮೊದಲು ಒಂದು ರೂಪಾಯಿ ನಾಣ್ಯದಷ್ಟಿತ್ತು, ಮತ್ತೆ ತಟ್ಟೆಯಷ್ಟಾಯಿತು, ಆಮೇಲೆ ಮೊರದಷ್ಟು. ಅದನ್ನು ಮುಚ್ಚುವುದಕ್ಕೆ ನನಗೆ ದೊಡ್ಡದೊಂದು ಕ್ಯಾಲೆಂಡರು ಬೇಕಿತ್ತು. ಆ ವರ್ಷ ಇವರ ಕ್ಯಾಂಟೀನಿದ್ದ ಕಾರ್ಖಾನೆಯವರು ದೀಪಾವಳಿಗೆ ಕೊಟ್ಟದ್ದು ಎಲ್ಲಕ್ಕಿಂತ ಅಗಲವಾಗಿತ್ತು. ಸಮುದ್ರವಿದ್ದ ಪುಟ ಮೇಲೆ ಇತ್ತು, ಹಾಗೆಯೇ ಬಿಟ್ಟೆ. ಅದರಲ್ಲಿ ಗುಡ್ಡೆ ಇದ್ದಿದ್ದರೆ ಇವರು ನಮ್ಮನ್ನೆಲ್ಲ ಹಿಮಾಲಯಕ್ಕೆ ಹೊರಡಿಸುತ್ತಿದ್ದರೇನೋ. ದಿನಾ ಬೆಳಗ್ಗೆ ನಾನು ಮುಟ್ಟಿ ನೋಡುತ್ತಿದ್ದದ್ದು ಒದ್ದೆ ಎಲ್ಲಿಯವರೆಗೆ ಬಂದಿದೆ ಎಂದು. ಉಸಿರು ಬಿಡುತ್ತಿದ್ದದ್ದು ಅದು ಕ್ಯಾಲೆಂಡರಿನ ಅಂಚು ದಾಟಲು ಇನ್ನೆಷ್ಟು ಬೆರಳು ಬಾಕಿ ಎಂದು.

ಹೇಳಿಬಿಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ನನ್ನ ಗಂಡನನ್ನು ನೀವು ಕಂಡವರಲ್ಲ. ಇವರು ಮನೆಯಲ್ಲಿ ಹಸು, ಸೊಸೈಟಿ ಮೀಟಿಂಗಿನಲ್ಲಿ ಯಕ್ಷಗಾನದ ಮಹಿಷಾಸುರ. ಹಿಂದೆ ನಮ್ಮ ನೆತ್ತಿಯ ಮೇಲಿನ ಮನೆಯಲ್ಲಿ ಮುಂಡಪ್ಪಣ್ಣ ಎಂಬವರಿದ್ದರು. ಅವರ ತುಳಸಿಕುಂಡದ ನೀರು ನಮ್ಮ ಒಣಹಾಕಿದ ಪಂಚೆಯ ಮೇಲೆ ಬಿತ್ತು ಎಂಬ ಒಂದೇ ಕಾರಣಕ್ಕೆ ಇವರು ಏಳು ವರ್ಷ ಅವರೊಡನೆ ಮಾತು ಬಿಟ್ಟರು. ಶನಿವಾರದ ಭಜನೆಯಲ್ಲಿ ಅಕ್ಕಪಕ್ಕ ಕೂತು ತಾಳ ಹಾಕುವುದು, ಮೆಟ್ಟಿಲಲ್ಲಿ ಮುಖ ತಿರುಗಿಸುವುದು. ಕೊನೆಗೆ ಅವರು ಮನೆ ಮಾರಿ ಕಳವಾ ಕಡೆ ಹೋದರು. ಇವರಿಗೆ ಒಂದು ಜಗಳ ಕಡಿಮೆಯಾಯಿತು. ನನಗೆ ಮುಂಡಪ್ಪಣ್ಣನ ಹೆಂಡತಿಯ ಹತ್ತಿರ ಮಾತಾಡುವ ಮಧ್ಯಾಹ್ನಗಳು ಮುಗಿದವು.

ಆ ಮನೆಗೆ ಬಂದವಳು ಸ್ವರ್ಣಲತಾ. ನಮ್ಮ ಉಡುಪಿ ಕಡೆಯವಳೇ. ಅವಳ ಯಜಮಾನರು ರೈಲ್ವೆಯಲ್ಲಿದ್ದರು. ಒಂದು ತಿಂಗಳು ರಜೆ ಹಾಕಿ, ತಾವೇ ಕುಕ್ಕುರುಗಾಲಲ್ಲಿ ಕೂತು, ಬಾತ್‌ರೂಮಿಗೆ ನೀಲಿ ಟೈಲ್ಸ್ ಕೂರಿಸಿದರು. ಒಂದು ಸಾಲು ನೆಟ್ಟಗಿಲ್ಲ. ಮರುವರ್ಷ ತೀರಿಕೊಂಡರು. ಒದ್ದೆ ಶುರುವಾದಾಗ ನಾನು ಮೇಲೆ ಹೋಗಿ ಹೇಳಿದೆ. ಅವಳು ಬಾಗಿಲು ತೆಗೆದು ಆ ಓರೆಕೋರೆ ಟೈಲ್ಸನ್ನು ತೋರಿಸಿ, “ಚಂಪಕ್ಕಾ, ಒಡೆಸ್ತೇನೆ. ಬರುವ ವರ್ಷ ಒಡೆಸ್ತೇನೆ” ಎಂದಳು. ಅವಳ ಮುಖ ನೋಡಿದೆ. “ಅರ್ಜೆಂಟಿಲ್ಲ” ಎಂದು ಕೆಳಗಿಳಿದು ಬಂದು ಮೊಳೆ ಹೊಡೆದೆ. ಅಂದಿನಿಂದ ದಿನಾ ಮೂರು ಗಂಟೆಗೆ ಅವಳು ಕೆಳಗೆ ಬರುತ್ತಾಳೆ, ನಾವು ತುಳುವಿನಲ್ಲಿ ಒಂದಿಷ್ಟು ಮಾತಾಡುತ್ತೇವೆ, ಚಾ ಕುಡಿಯುತ್ತೇವೆ. ಇವರಿಗೆ ಗೋಡೆ ಕಂಡರೆ ಸ್ವರ್ಣಲತಾಳೂ ಮುಂಡಪ್ಪಣ್ಣನ ದಾರಿ ಹಿಡಿಯಬೇಕು.

ಆದ್ದರಿಂದ ಬಾರ್ಬಡೋಸನ್ನು ನಿಲ್ಲಿಸಬೇಕಿತ್ತು, ಕ್ಯಾಲೆಂಡರನ್ನು ಮುಟ್ಟದೆ. ನಾನು ಓದಿದ್ದು ಮೂರನೇ ಕ್ಲಾಸು (ಕಿವಿ ಮಾತ್ರ ಎಂ.ಎ. ಮಾಡಿದೆ). ನನಗೆ ತಿಳಿದ ಉಪಾಯಗಳನ್ನೇ ಮಾಡಿದೆ.

ಮೊದಲು ಮಂಡಿನೋವು ತಂದುಕೊಂಡೆ. ಸುಳ್ಳಲ್ಲ, ಇದ್ದದ್ದೇ, ಸ್ವಲ್ಪ ದೊಡ್ಡದು ಮಾಡಿದೆ, ಅಷ್ಟೆ. “ಇಷ್ಟು ದೂರ ನನ್ನಿಂದ ಆಗುದಿಲ್ಲ. ನಡುವೆ ಲಂಡನ್ನಿನಲ್ಲಿ ಇಳಿದು ಬೇರೆ ವಿಮಾನ ಹತ್ತಬೇಕಂತೆ. ದಾದರಿನಲ್ಲಿ ಗಾಡಿ ಬದಲಿಸಿದ ಹಾಗೆ ಬ್ರಿಜ್ ಹತ್ತಿ ಇಳಿಯುವ ಶಕ್ತಿ ನನಗಿಲ್ಲ” ಎಂದೆ. ಇವರು ಅದೇ ಸಂಜೆ ಐರೋಲಿಯಲ್ಲಿರುವ ಮಗ ಸುಜನನಿಗೆ ಫೋನು ಮಾಡಿ ವಿಚಾರಿಸಿ, ಕುಣಿಯುತ್ತಾ ಬಂದರು.

“ಚಂಪಾ, ವೀಲ್‌ಚೇರ್ ಕೊಡ್ತಾರಂತೆ! ಎಲ್ಲರಿಗಿಂತ ಮೊದಲು ನಿನ್ನನ್ನೇ ಹತ್ತಿಸುದಂತೆ! ದೂಡಲಿಕ್ಕೆ ಒಬ್ಬ ಜನ, ಹಿಂದೆ ನಾನು. ಮಹಾರಾಣಿಯ ಹಾಗೆ ಹೋಗ್ಬಹುದು.”

ಆಮೇಲೆ ಡೊಂಬಿವಲಿಯ ಜೋಯಿಸರ ಹತ್ತಿರ ಹೋದೆ. ಮಗಳನ್ನು ನೋಡಲು ಹೋದವಳು ನೆಪ ಹೇಳಿ ಜಾರಿಕೊಂಡು, ಜಾತಕ ಮುಂದಿಟ್ಟು, “ಭಟ್ರೇ, ಮೇ ತಿಂಗಳು ಪ್ರಯಾಣಕ್ಕೆ ಕೆಟ್ಟದು ಅಂತ ಒಂದು ಚೀಟಿ ಬರೆದುಕೊಡಿ” ಎಂದೆ. ಅವರು ನೋಡಿದರು, ಕನ್ನಡಕ ಒರೆಸಿದರು, ಮತ್ತೊಮ್ಮೆ ನೋಡಿದರು. ಮುಖ ಅರಳಿತು.

“ಅಮ್ಮಾ, ಸಮುದ್ರೋಲ್ಲಂಘನ ಯೋಗ! ಹನುಮಂತನಿಗೆ ಇದ್ದದ್ದು, ನಿಮಗುಂಟು!”

ಸಂಭಾವನೆ ಬೇಡವೆಂದರು, ಇಂಥ ಜಾತಕ ನೋಡಸಿಕ್ಕಿದ್ದೇ ಪುಣ್ಯವಂತೆ. ನಾನು ಮನೆ ಮುಟ್ಟುವ ಮೊದಲೇ ಆ ವಾರ್ತೆ ಇವರಿಗೆ ಫೋನಿನಲ್ಲಿ ಮುಟ್ಟಿತ್ತು. ಇವರು ಬಾಗಿಲಲ್ಲೇ ನಿಂತಿದ್ದರು. “ಆಸೆ ಇಲ್ಲ ಆಸೆ ಇಲ್ಲ ಅಂತ ಹೇಳಿ, ಕದ್ದು ಹೋಗಿ ಯೋಗ ಉಂಟಾ ಅಂತ ಕೇಳಿದ್ದಿಯಲ್ಲ ಮಾರಾಯ್ತಿ!” ಎಂದು ನಕ್ಕ ನಗು ನೋಡಬೇಕಿತ್ತು. ಹದಿನೆಂಟು ವರ್ಷದ ಹುಡುಗನ ನಗು.

ಅಲ್ಲಿಂದ ಮುಂದೆ ನನ್ನ ಅಡುಗೆಮನೆಗೆ ಗುಪ್ತ ನಿಯೋಗಗಳು ಬರತೊಡಗಿದವು. ಎಲ್ಲರಿಗೂ ನನ್ನ ಹತ್ತಿರ ಹೇಳುವುದಕ್ಕೆ ಒಂದೊಂದು ಗುಟ್ಟಿತ್ತು.

ಮೊದಲು ಅಳಿಯ ವಸಂತಕುಮಾರ ಬಂದ. ಡೊಂಬಿವಲಿ ಸ್ಟೇಶನ್ನಿನ ಹತ್ತಿರ ಅವನದ್ದು ಶುದ್ಧ ಸಸ್ಯಾಹಾರಿ ಹೋಟೆಲು. “ಅತ್ತೆ, ನಾನು ಎಂಟು ದಿನ ಇಲ್ಲ ಅಂದ್ರೆ ದೋಸೆಯವ ಎದುರಿನ ಹೋಟೆಲಿಗೆ ಹೋಗಿ ನಿಲ್ತಾನೆ. ನನ್ನ ಅಪ್ಪ ತೀರಿಹೋದ ದಿನ ಮಾತ್ರ ಅರ್ಧ ದಿನ ಶಟರ್ ಎಳೆದದ್ದು ನಾನು. ಸಂಜೆ ಬಾಗಿಲು ತೆಗೆದಿದ್ದೆ” ಎಂದು ಕಣ್ಣೊರೆಸಿಕೊಂಡ. ನನಗೆ ಒಳಗೊಳಗೆ ಸಂತೋಷ. ಇವನೊಬ್ಬ ತಪ್ಪಿದರೆ ಹದಿನೇಳು ಮುರಿಯುತ್ತದಲ್ಲ! “ಹಾಗಾದ್ರೆ ಬೇಡ ಮಗಾ, ನಿನ್ನ ಮಾವನಿಗೆ ಹೇಳಿಬಿಡು” ಎಂದೆ.

“ಛೇ ಛೇ, ಎಂತ ಮಾತು ಅತ್ತೆ! ನಿಮ್ಮ ಒಂದು ಆಸೆಗೆ ನಾನು ಅಡ್ಡ ಬರುದಾ? ದೋಸೆಯವ ಹೋದ್ರೆ ಹೋಗ್ಲಿ” ಎಂದು ಕಾಲು ಮುಟ್ಟಿ ಹೋದ.

ಸೊಸೆ ಅಶ್ಮಿತಾ ಕುಕ್ಕರಿನ ಸೀಟಿಯ ಮರೆಯಲ್ಲಿ ಪಿಸುಗುಟ್ಟಿದಳು. “ಅತ್ತೆ, ಟೆನ್ಶನ್ ಒಂದೇ. ಅಲ್ಲಿ ಬೀಚಲ್ಲಿ ಎಲ್ಲರೂ ಸ್ವಿಮಿಂಗ್ ಡ್ರೆಸ್ಸಲ್ಲೇ ಇರುದು. ನಾನು ಮಾವನ ಎದುರು ಇವತ್ತಿನವರೆಗೆ ನೈಟಿಯಲ್ಲಿ ಸಹ ಬಂದಿಲ್ಲ, ಮೇಲೊಂದು ದುಪಟ್ಟಾ ಹಾಕಿಯೇ. ಮತ್ತೆ ಕಲ್ಯಾಣದ ದೊಡ್ಡ ಮಾವ ಬೇರೆ! ಸಲ್ವಾರ್ ಹಾಕಿ ಸಮುದ್ರಕ್ಕಿಳಿದ್ರೆ ಅಲ್ಲಿಯವರು ಫೋಟೋ ತೆಗೀತಾರೆ. ಹೋಗ್ಲಿ ಬಿಡಿ, ನಿಮಗೋಸ್ಕರ ಮ್ಯಾನೇಜ್ ಮಾಡ್ತೇನೆ.”

ಆ ಕಲ್ಯಾಣದ ದೊಡ್ಡ ಮಾವ, ಎಂದರೆ ಇವರ ಅಣ್ಣ ಪೂವಪ್ಪ ಭಾವ, ಎಪ್ಪತ್ತಾರರ ಹಿರಿಯರು, ಇವರು ಸ್ನಾನಕ್ಕೆ ಹೋದ ಹೊತ್ತು ನೋಡಿ ಬಂದರು.

“ಚಂಪಾ, ನನಗೆ ಲಿಫ್ಟ್ ಸಹ ಆಗುದಿಲ್ಲ, ಗೊತ್ತುಂಟಲ್ಲ? ನಾಲ್ಕು ಮಾಳಿಗೆ ನಡೆದೇ ಹತ್ತುದು. ವಿಮಾನದಲ್ಲಿ ನಡೀಲಿಕ್ಕಾಗುದಿಲ್ಲ. ಆದ್ರೂ ನಿನಗೋಸ್ಕರ ಕಣ್ಣು ಮುಚ್ಚಿ ಕೂತ್ಕೊಳ್ತೇನೆ. ಎಷ್ಟು ಹೊತ್ತು?”

“ಇಪ್ಪತ್ತು ಗಂಟೆ ಅಂತೆ ಭಾವ.”

ಅವರು ಆಗಲೇ ಒಮ್ಮೆ ಕಣ್ಣು ಮುಚ್ಚಿ ನೋಡಿದರು. “ಇವತ್ತಿನಿಂದಲೇ ಅಭ್ಯಾಸ ಮಾಡ್ತೇನೆ” ಎಂದು ಹೋದರು.

ಹೀಗೆ ನನ್ನ ಕುಟುಂಬದಲ್ಲಿ ಬಾರ್ಬಡೋಸಿಗೆ ಹೋಗಬೇಕೆಂದು ಇದ್ದವರು ಯಾರೂ ಇರಲಿಲ್ಲ. ಎಲ್ಲರೂ ನನಗೋಸ್ಕರ ಹೊರಟಿದ್ದರು. ಒಬ್ಬೊಬ್ಬರ ತ್ಯಾಗ ಕೇಳಿದಾಗಲೂ ನನಗೆ ಅನ್ನ ಇಳಿಯುತ್ತಿರಲಿಲ್ಲ. ಅವರು ಅದನ್ನು ಸಂಭ್ರಮದಲ್ಲಿ ಹಸಿವಿಲ್ಲ ಎಂದು ತಿಳಿದುಕೊಳ್ಳುತ್ತಿದ್ದರು.

ಈ ನಡುವೆ ಪ್ರವಾಸದ ಸರ್ವಾಧಿಕಾರಿಯಾಗಿ ನೇಮಕವಾದವನು ಪುಂಡರೀಕಾಕ್ಷ. ನೆರೂಳಿನವನು. ನಮ್ಮ ಊರವರ ಸಂಘದ ಯಾತ್ರೆಗಳನ್ನು ಇಪ್ಪತ್ತು ವರ್ಷದಿಂದ ನಡೆಸುತ್ತಾ ಬಂದವನು. ಕೊರಳಲ್ಲಿ ಸೀಟಿ, ಬಸ್ಸಿನ ಡಿಕ್ಕಿಯಲ್ಲಿ ಅಡುಗೆಯವ, ಬಗಲಲ್ಲಿ ಹಾಜರಿ ಪುಸ್ತಕ. ಕಾಶಿ, ಶಿರಡಿ, ಅಷ್ಟವಿನಾಯಕ ಅವನಿಗೆ ಕೈರೇಖೆಯಷ್ಟು ಪರಿಚಿತ. ವಿಮಾನದ ಕೆಲಸ ಮಾಡಿಸಲು ಅವನಿಗೆ ವಾಶಿಯಲ್ಲಿ ಯಾರೋ ಇದ್ದರು. ಉಳಿದ ವ್ಯವಸ್ಥೆಯೆಲ್ಲ ಅವನದ್ದೇ.

“ಲೀಲಣ್ಣಾ, ನಮ್ಮ ಕ್ರಮ ನಿಮಗೆ ಗೊತ್ತುಂಟು. ಬೆಳಗ್ಗೆ ನಾಲ್ಕಕ್ಕೆ ಬಿಸಿನೀರು, ಐದಕ್ಕೆ ಉಪ್ಪಿಟ್ಟು, ಆರಕ್ಕೆ ದರ್ಶನ. ಅಲ್ಲಿ ದರ್ಶನ ಯಾವುದರದ್ದು ಅಂತ ಒಂದು ನಿಶ್ಚಯ ಆಗಬೇಕು.”

“ಸಮುದ್ರದ್ದು” ಎಂದರು ಇವರು.

“ಅದನ್ನು ಎಷ್ಟು ಗಂಟೆಗೆ ಬಾಗಿಲು ಹಾಕ್ತಾರೆ?”

ಆ ದಿನ ಅವನು ಆ ದೇಶದ ವಿವರಗಳನ್ನೂ ತಂದಿದ್ದ. ಅಲ್ಲಿ ತೆಂಗು ಉಂಟಂತೆ, ಮೀನು ಉಂಟಂತೆ, ಮರಗೆಣಸು ಉಂಟಂತೆ. ಎಲ್ಲಕ್ಕಿಂತ ಹೆಚ್ಚು, ಅಂಗಳ ಅಂಗಳದಲ್ಲಿ ಜೀಗುಜ್ಜೆಯ, ಎಂದರೆ ದೀವಿಹಲಸಿನ, ಮರ ಉಂಟಂತೆ, ಅಲ್ಲಿಯವರು ಅದನ್ನು ಸುಟ್ಟು, ಬೇಯಿಸಿ ತಿನ್ನುತ್ತಾರಂತೆ. ನನಗೆ ಒಂದು ಹುಲ್ಲುಕಡ್ಡಿ ಸಿಕ್ಕಿದಂತಾಯಿತು.

“ಮತ್ತೆಂತ? ತೆಂಗು, ಮೀನು, ಜೀಗುಜ್ಜೆ. ನಮ್ಮ ಊರೇ ಆಯ್ತಲ್ಲ. ಅದಕ್ಕೆ ಇಪ್ಪತ್ತು ಗಂಟೆ ಹಾರುದೆಂತಕ್ಕೆ?” ಎಂದೆ.

ಪುಂಡರೀಕಾಕ್ಷ ಹೋದ ಮೇಲೆ ಇವರು ನನ್ನ ಹತ್ತಿರ ಬಂದು ಕೂತು ಕೇಳಿದರು, “ಊರಲ್ಲಿ ನೀನು ಸಮುದ್ರ ನೋಡಿದ್ದು ಎಷ್ಟು ಸಲ ಚಂಪಾ?”

ಲೆಕ್ಕ ಹಾಕಿದೆ. ನಮ್ಮ ಮನೆಯಿಂದ ಸಮುದ್ರಕ್ಕೆ ನಾಲ್ಕೇ ಮೈಲಿ. ಗಾಳಿ ಬೀಸಿದರೆ ಸದ್ದು ಕೇಳುತ್ತಿತ್ತು. ನೋಡಿದ್ದು ಎರಡು ಸಲ. ಒಮ್ಮೆ ಅಜ್ಜಿಯ ಬೂದಿ ಬಿಡುವಾಗ, ದೂರದಿಂದ. ಇನ್ನೊಮ್ಮೆ ಮದುವೆಯಾಗಿ ಬಸ್ಸಿನಲ್ಲಿ ಬೊಂಬಾಯಿಗೆ ಬರುವಾಗ, ಮರವಂತೆಯಲ್ಲಿ. ಆಗ ನನಗೆ ಹೊಟ್ಟೆ ತೊಳಸಿ ಕಣ್ಣು ಮುಚ್ಚಿ ಕೂತಿದ್ದೆ. ಪಕ್ಕದಲ್ಲಿದ್ದ ಇವರು, ಆಗಿನ್ನೂ ಹೆಸರು ಹಿಡಿದು ಕರೆಯಲು ನಾಚುತ್ತಿದ್ದವರು, “ನೋಡು ನೋಡು, ಸಮುದ್ರ” ಎಂದರು. ಕಣ್ಣು ಬಿಡುವಷ್ಟರಲ್ಲಿ ಮುಗಿದಿತ್ತು.

“ಇಲ್ಲಿ ಜುಹುವಿಗೆ ಹೋಗಿದ್ದೇವಲ್ಲ, ಎರಡು ಸಲ” ಎಂದೆ.

“ಹೋಗಿದ್ದೇವೆ. ಎರಡು ಸಲವೂ ಎಲ್ಲರ ಚಪ್ಪಲಿ ಕಾದು ಕೂತದ್ದು ನೀನು.”

ಅದು ಇವರಿಗೆ ನೆನಪಿರುತ್ತದೆಂದು ನಾನು ಎಣಿಸಿರಲಿಲ್ಲ.

ಮರುದಿನ ಬೆಳಗ್ಗೆ ಹಾಲಿಟ್ಟು ಕ್ಯಾಲೆಂಡರಿನ ಎದುರು ನಿಂತಾಗ ಒಂದು ವಿಚಿತ್ರ ಆಯಿತು. ಎಂಟು ವರ್ಷದಲ್ಲಿ ಮೊದಲ ಬಾರಿ ನನ್ನ ಕಣ್ಣು ಅಂಚನ್ನು ಬಿಟ್ಟು ನಡುವಿಗೆ ಹೋಯಿತು. ಆ ನೀಲಿ! ನಾವು ಐರೋಲಿಗೆ ಹೋಗುವಾಗ ಸೇತುವೆಯ ಮೇಲಿಂದ ಕಾಣುವ ಖಾಡಿಯ ಹಿನ್ನೀರಿಗೆ ಕಷಾಯದ ಬಣ್ಣ. ನೀರಿಗೆ ಇಂಥ ಬಣ್ಣವೂ ಉಂಟೇ? ಆ ಬಗ್ಗಿದ ತೆಂಗಿನಮರದ ಬುಡದಲ್ಲಿ ಒಬ್ಬಳು ಕೂರುವಷ್ಟು ನೆರಳಿತ್ತು. ಚಪ್ಪಲಿ ಬಿಡಲು ಬೇರೆ ಜಾಗವೂ ಇತ್ತು. (ಹಾಲು ಉಕ್ಕಲಿಲ್ಲ. ಉಕ್ಕಲು ಬಿಡುವವಳಲ್ಲ ನಾನು. ಈ ಮನೆಯ ಒಲೆಯಲ್ಲಿ ಹಾಲು ಉಕ್ಕಿದ್ದು ಒಮ್ಮೆ ಮಾತ್ರ, ಮೂವತ್ತನಾಲ್ಕು ವರ್ಷದ ಹಿಂದೆ, ಗೃಹಪ್ರವೇಶದ ದಿನ. ಅದು ಶಾಸ್ತ್ರಕ್ಕೆ ಉಕ್ಕಿಸಿದ್ದು.)

ಪಾಸ್‌ಪೋರ್ಟಿಗೆ ವಾಗ್ಳೆ ಎಸ್ಟೇಟಿನ ಆಫೀಸಿಗೆ ಹೋದೆವು. ಹದಿನೇಳು ಜನರಲ್ಲಿ ಎಲ್ಲರಿಗಿಂತ ಮೊದಲು ಬಂದದ್ದು ಯಾರದ್ದು ಗೊತ್ತೇ? ನಿಲ್ಲಿಸಬೇಕೆಂದು ಹೊರಟಿದ್ದ ನನ್ನದು. ಅದರಲ್ಲಿ ನನ್ನ ಫೋಟೋ, ನನ್ನ ಹೆಸರು. ಅದನ್ನು ಧಾರೆ ಸೀರೆಯ ಮಡಿಕೆಯೊಳಗೆ ಇಟ್ಟೆ. ದಿನಕ್ಕೊಮ್ಮೆ ಇದೆಯೇ ಎಂದು ನೋಡುತ್ತಿದ್ದೆ. ಜೋಪಾನಕ್ಕೆ, ಬೇರೇನಿಲ್ಲ.

ಮಾರ್ಚಿನ ಎರಡನೇ ಭಾನುವಾರ ಮಹಾಸಭೆ ಸೇರಿತು. ಪುಂಡರೀಕಾಕ್ಷ ಅಂತಿಮ ಪಟ್ಟಿಯೊಂದಿಗೆ ಬಂದಿದ್ದ. ಸ್ವರ್ಣಲತಾ ಹಪ್ಪಳ ಕರಿಯಲು ನನಗೆ ಸಹಾಯಕ್ಕೆ ಬಂದಿದ್ದಳು.

“ಲೀಲಣ್ಣಾ, ವಾಶಿಯವರು ಕೇಳ್ತಾರೆ, ಆ ದ್ವೀಪದಲ್ಲಿ ಬೀಚುಗಳು ತುಂಬ ಉಂಟಂತೆ. ನಿಮಗೆ ಯಾವುದು?”

“ಯಾವುದೆಂತ? ಚಂಪಾ ನೋಡುವ ಬೀಚೇ! ಅದೇ ಮರ, ಅದೇ ಹೊಯ್ಗೆ. ಬನ್ನಿ, ತೋರಿಸ್ತೇನೆ” ಎಂದು ಇವರು ಎದ್ದರು. ಹಿಂದೆ ಮೆರವಣಿಗೆ. ಇಬ್ಬರು ನಿಂತರೆ ಮೂರನೆಯವರು ಉಸಿರು ಹಿಡಿಯಬೇಕಾದ ನನ್ನ ಅಡುಗೆಮನೆಗೆ ಒಂಬತ್ತು ಜನ ನುಗ್ಗಿದರು. ನಾನು ಸೌಟು ಹಿಡಿದು ಕ್ಯಾಲೆಂಡರಿಗೆ ಬೆನ್ನು ಕೊಟ್ಟು ನಿಂತೆ.

“ಅಲ್ಲಿಂದಲೇ ನೋಡಿ. ಚಂದ ಕಾಣ್ತದೆ” ಎಂದೆ.

“ಚಂಪಕ್ಕಾ, ಅದನ್ನು ವಾಶಿಗೆ ಕೊಂಡುಹೋಗ್ಬೇಕು. ಎರಡು ದಿನದಲ್ಲಿ ತಂದು ಕೊಡ್ತೇನೆ” ಎಂದ ಪುಂಡರೀಕಾಕ್ಷ.

“ಅದು ಬೇಡ. ಅದು... ಅದನ್ನು ತೆಗೆದರೆ ಒಳ್ಳೆಯದಾಗುದಿಲ್ಲ.”

“ನೋಡಿದ್ರಾ ಅವಳ ಪ್ರೀತಿ!” ಎಂದರು ಇವರು ಎಲ್ಲರ ಕಡೆ ತಿರುಗಿ. ದನಿ ಗದ್ಗದವಾಗಿತ್ತು. ಆ ಗದ್ಗದದಲ್ಲಿ ಎಲ್ಲರೂ ಮೈಮರೆತ ಒಂದು ಕ್ಷಣದಲ್ಲಿ ಪುಂಡರೀಕಾಕ್ಷ ನನ್ನ ಭುಜದ ಮೇಲಿಂದ ಕೈ ಹಾಕಿ, ಕಾಶಿಯಲ್ಲಿ ಗದ್ದಲದ ನಡುವೆ ಬಿಲ್ವಪತ್ರೆ ಎತ್ತಿಕೊಳ್ಳುವ ಚಾಕಚಕ್ಯತೆಯಿಂದ ಕ್ಯಾಲೆಂಡರನ್ನು ಎತ್ತಿಬಿಟ್ಟ.

ಕ್ಯಾಲೆಂಡರಿನ ಜೊತೆ ಒಂದು ಮುಷ್ಟಿ ಗಾರೆಯೂ ಬಂತು. ಅದು ಕರಿದಿಟ್ಟ ಹಪ್ಪಳದ ಮೇಲೆ ಬಿತ್ತು.

ಗೋಡೆಯಲ್ಲಿ ಸಾಕ್ಷಾತ್ ಒಂದು ದ್ವೀಪ. ಅಂಚಿಗೆ ಹಸಿರು ಪಾಚಿ, ನಡುವೆ ಕಂದು, ಸುತ್ತ ಉಪ್ಪು ಹೂತ ಬಿಳಿ ಹೊಯ್ಗೆ. ಮೊಮ್ಮಗ ಸಮಿತ್, “ದಾದೀ, ಯೇ ಕ್ಯಾ ಹೈ?” ಎಂದ. “ಲೀಕೇಜ್” ಎಂದಳು ಅಶ್ಮಿತಾ. ಎಲ್ಲರ ಕಣ್ಣು ಗೋಡೆಯಿಂದ ಮೇಲಕ್ಕೆ ಹೋಯಿತು, ಮಾಡಿಗೆ ತಾಗಿತು, ಮೆಲ್ಲನೆ ಕೆಳಗಿಳಿದು ಸ್ವರ್ಣಲತಾಳ ಮೇಲೆ ನಿಂತಿತು. ಅವಳು ಜಾಲರಿ ಸೌಟನ್ನು ಕೆಳಗಿಟ್ಟಳು.

“ಅದು ನನ್ನ ಬಾತ್‌ರೂಮಿನದ್ದು. ಎಂಟು ವರ್ಷ ಆಯ್ತು. ಚಂಪಕ್ಕ ನನಗೋಸ್ಕರ ಮುಚ್ಚಿಟ್ಟದ್ದು. ಒಡೆಸ್ತೇನೆ ಲೀಲಣ್ಣಾ, ನಾಳೆಯೇ ಒಡೆಸ್ತೇನೆ” ಎಂದಳು.

ನಾನು ಕಣ್ಣು ಮುಚ್ಚಿ ಮಹಿಷಾಸುರನ ಅಬ್ಬರಕ್ಕೆ ಕಾದೆ. ಬರಲಿಲ್ಲ. ಕಣ್ಣು ಬಿಟ್ಟರೆ ಇವರು ಗೋಡೆಗೆ ಅಂಗೈ ಇಟ್ಟಿದ್ದರು, ನಾನು ದಿನಾ ಇಡುವ ಜಾಗದಲ್ಲೇ. ಕೈ ತೆಗೆದು ಒದ್ದೆ ನೋಡಿಕೊಂಡರು.

“ನೀನು ಮುಟ್ತಾ ಇದ್ದದ್ದು ಇದನ್ನಾ?”

“ಹೌದು.”

“ಸಮುದ್ರವನ್ನಲ್ಲ?”

ನಾನು ತಲೆ ತಗ್ಗಿಸಿದೆ. ಇವರು ಒದ್ದೆ ಕೈಯನ್ನು ಪಂಚೆಗೆ ಒರೆಸಿಕೊಂಡರು. ಮತ್ತೆ ಹೇಳಿದ್ದು ಗೋಡೆಯ ಮಾತಲ್ಲ, ನೀರಿನದ್ದೂ ಅಲ್ಲ. “ಎಂಟು ವರ್ಷ ನನಗೆ ಹೆದರಿದ್ದಿಯಾ ಚಂಪಾ?”

ಅಷ್ಟರಲ್ಲಿ ಪೂವಪ್ಪ ಭಾವ ಗಂಟಲು ಸರಿಪಡಿಸಿಕೊಂಡರು. “ಹಾಗಾದ್ರೆ... ಇವಳಿಗೆ ಆ ಊರಿನ ಆಸೆ ಇರಲೇ ಇಲ್ಲ ಅಂತ ಆಯ್ತಲ್ಲ?”

ಆಗ ನೋಡಬೇಕಿತ್ತು! ಕಟ್ಟೆ ಒಡೆದಂತೆ. ವಸಂತಕುಮಾರ ಅಲ್ಲಿಂದಲೇ ಹೋಟೆಲಿಗೆ ಫೋನು ಹಚ್ಚಿ, “ದೋಸೆಯವನಿಗೆ ಹೇಳು, ನಾನು ಎಲ್ಲಿಗೂ ಹೋಗುದಿಲ್ಲ” ಎಂದು ಕೂಗಿದ. ಅಶ್ಮಿತಾ ಸುಜನನ ಕೈ ಹಿಡಿದು ಕುಣಿದಳು. ಭಾವ, “ಅಯ್ಯಬ್ಬ, ಎರಡು ತಿಂಗಳಿಂದ ಕಣ್ಣು ಮುಚ್ಚಿ ಮುಚ್ಚಿ ರೆಪ್ಪೆ ನೋಯ್ತದೆ” ಎಂದು ನಾಲ್ಕು ಹಪ್ಪಳ ಗಾರೆ ಒರೆಸಿ ತಿಂದರು. ಹದಿನೇಳು ಜನರ ಪಟ್ಟಿ ಹತ್ತು ನಿಮಿಷದಲ್ಲಿ ಸೊನ್ನೆಗೆ ಇಳಿಯಿತು. ಪುಂಡರೀಕಾಕ್ಷ ಅಭ್ಯಾಸ ಬಲದಿಂದ ಒಮ್ಮೆ ಸೀಟಿ ಊದಿದ, ಯಾರೂ ಸಾಲಾಗಿ ನಿಲ್ಲಲಿಲ್ಲ.

ಆ ಗದ್ದಲದ ನಡುವೆ ನಾನೊಬ್ಬಳು “ಅಲ್ಲ, ಆದ್ರೂ...” ಎಂದೆ. ಯಾರಿಗೂ ಕೇಳಲಿಲ್ಲ. ಎರಡು ತಿಂಗಳು ಯಾವುದನ್ನು ನಿಲ್ಲಿಸಲು ಒದ್ದಾಡಿದೆನೋ ಅದು ನಿಂತುಹೋಗಿತ್ತು. ಸಂತೋಷವಾಗಬೇಕಿತ್ತು. ಎದೆಯೊಳಗೆ ಮರವಂತೆಯ ಬಸ್ಸು ಮತ್ತೊಮ್ಮೆ ಮುಂದೆ ಹೋದ ಹಾಗಾಯಿತು.

ಇವರು ಮಾತ್ರ ನನ್ನನ್ನೇ ನೋಡಿದರು. “ನಿನಗೆ ನಿಜವಾಗಿ ಹೋಗಬೇಕು ಅಂತ ಇರಲಿಲ್ಲ ಅಲ್ಲವಾ?”

ನಲ್ವತ್ತೆರಡು ವರ್ಷದ ಅಭ್ಯಾಸ ನೋಡಿ, ನಾಲಿಗೆ ನನ್ನ ಅಪ್ಪಣೆ ಕೇಳುವುದೇ ಇಲ್ಲ. “ನನಗೆಂತಕ್ಕೆ? ಇಲ್ಲಪ್ಪ” ಎಂದಿತು.

ಮರುದಿನ ಇವರು ಮೇಲೆ ಹೋದರು. ನಾನು ಮೆಟ್ಟಿಲ ಬುಡದಲ್ಲಿ ಕಿವಿ ಇಟ್ಟು ನಿಂತೆ. ಅರ್ಧ ಗಂಟೆ ಸದ್ದಿಲ್ಲ. ಕೆಳಗೆ ಬಂದು, “ಎಷ್ಟು ಓರೆ ಕೂರಿಸಿದ್ದಾನೆ ಪುಣ್ಯಾತ್ಮ! ಒಂದೂ ಒಡೀಬಾರದು” ಎಂದರು. ವಾಗ್ಳೆ ಎಸ್ಟೇಟಿನಲ್ಲಿ ಇವರ ಕೈಯ ಚಾ ಕುಡಿದ ಒಬ್ಬ ಹಳೆಯ ಫೋರ್‌ಮನ್ ಇದ್ದ. ಟೈಲ್ಸ್ ತೆಗೆಯದೆ ಅದರ ಸಂದಿಗೆ ಔಷಧಿ ತುಂಬಿಸಿ ಸೋರುವುದನ್ನು ನಿಲ್ಲಿಸುವ ವಿದ್ಯೆ ಅವನಿಗೆ ಗೊತ್ತಿತ್ತಂತೆ. ಅವನು ಎರಡು ದಿನ ಬಂದು ಕೆಲಸ ಮುಗಿಸಿದ. ಸ್ವರ್ಣಲತಾಳ ನೀಲಿ ಟೈಲ್ಸು ಓರೆಕೋರೆಯಾಗಿಯೇ ಉಳಿದವು. ನನ್ನ ಗೋಡೆ ಒಂದು ತಿಂಗಳಲ್ಲಿ ಒಣಗಿತು, ಬಣ್ಣವೂ ಆಯಿತು. ಮಧ್ಯಾಹ್ನ ಮೂರರ ಚಾಕ್ಕೆ ಈಗ ಇವರೂ ಬಂದು ಕೂರುತ್ತಾರೆ (ನಮ್ಮ ಅರ್ಧ ಮಾತು ಅದರಿಂದ ನಿಂತುಹೋಗಿದೆ, ಆ ಮಾತು ಬೇರೆ). ಎಂಟು ವರ್ಷ ಮೊದಲೇ ಹೇಳಿದ್ದರೆ ಎರಡು ದಿನದ ಕೆಲಸವಾಗಿತ್ತು.

ಬಣ್ಣ ಒಣಗಿದ ಸಂಜೆ ಇವರು ಸ್ಟೂಲು ಹಾಕಿ ಅದೇ ಮೊಳೆಗೆ ಅದೇ ಕ್ಯಾಲೆಂಡರನ್ನು ತೂಗಿಹಾಕಿದರು.

“ಇನ್ನು ಅದೆಂತಕ್ಕೆ? ಮುಚ್ಚಲಿಕ್ಕೆ ಏನೂ ಇಲ್ಲವಲ್ಲ” ಎಂದೆ.

“ಇರಲಿ. ಮೊಳೆ ಖಾಲಿ ಕಾಣ್ತದೆ.”

ಮರುದಿನ ಬೆಳಗ್ಗೆ ಹಾಲನ್ನು ಒಲೆಯ ಮೇಲಿಟ್ಟೆ. ಕ್ಯಾಲೆಂಡರಿನ ಎದುರು ನಿಂತೆ. ಕೈ ತಾನಾಗಿ ಹೋಯಿತು. ಗೋಡೆ ಒಣಗಿತ್ತು, ಬೆಚ್ಚಗಿತ್ತು. ನೋಡಲು ಅಂಚು ಇರಲಿಲ್ಲ, ಅಳೆಯಲು ಬೆರಳು ಬೇಕಿರಲಿಲ್ಲ. ಉಳಿದದ್ದು ಆ ನೀರು ಮಾತ್ರ. ತೆಂಗಿನಮರದ ಬುಡದ ನೆರಳು ಸ್ವಲ್ಪ ಎಡಕ್ಕೆ ಬಾಗಿದೆ, ಎಂದರೆ ಅಲ್ಲಿ ಹೊತ್ತು ಎಷ್ಟಾಗಿರಬಹುದು ಎಂದು ಯೋಚಿಸುತ್ತಿದ್ದೆ.

“ಚಂಪಾ, ಎಂತ ಅದು ಕರಟಿದ ವಾಸನೆ?”

ತಿರುಗಿ ನೋಡಿದರೆ ಹಾಲು ಉಕ್ಕಿ, ಒಲೆ ದಾಟಿ, ಕಟ್ಟೆಯ ಮೇಲೆ ಹರಿದು, ಕೆಳಗೆ ತೊಟ್ಟಿಕ್ಕುತ್ತಿತ್ತು. ಇವರು ಬಾಗಿಲಲ್ಲಿ ನಿಂತಿದ್ದರು.

“ಗೋಡೆ ಒಣಗಿತಾ ಅಂತ ನೋಡ್ತಾ ಇದ್ದೆ” ಎಂದೆ.

ಇವರು ಒಲೆಯನ್ನು ನೋಡಿದರು, ಕ್ಯಾಲೆಂಡರನ್ನು ನೋಡಿದರು, ನನ್ನನ್ನು ನೋಡಿದರು. ಹೊರಕೋಣೆಗೆ ಹೋದರು.

ಕಟ್ಟೆಯ ಮೇಲಿನ ಹಾಲನ್ನು ಮೊದಲು ಒಣಬಟ್ಟೆಯಲ್ಲಿ ಒತ್ತಿ ತೆಗೆದೆ, ಮತ್ತೆ ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಬರ್ನರನ್ನು ಬಿಚ್ಚಿ ನಲ್ಲಿಯ ಕೆಳಗೆ ಹಿಡಿದೆ. ಹೊರಕೋಣೆಯಲ್ಲಿ ಇವರು ಫೋನಿನಲ್ಲಿ ದನಿ ತಗ್ಗಿಸಿ ಮಾತಾಡುವುದು ಕೇಳಿತು. ನಲ್ಲಿ ನಿಲ್ಲಿಸಿದೆ.

“ಪುಂಡರೀಕಾಕ್ಷಾ, ಹದಿನೇಳಲ್ಲ ಮಾರಾಯ, ಎರಡು. ಎರಡೇ ಎರಡು... ಇಲ್ಲ, ಸೀಟಿ ಬೇಡ. ಉಪ್ಪಿಟ್ಟೂ ಬೇಡ.”

ನಾನು ಮತ್ತೆ ನಲ್ಲಿ ತಿರುಗಿಸಿ, ಸೂಜಿ ತೆಗೆದುಕೊಂಡು, ಬರ್ನರಿನ ತೂತುಗಳನ್ನು ಒಂದೊಂದಾಗಿ ಬಿಡಿಸತೊಡಗಿದೆ.